ಮೊದಲು ಗುಡುಗು, ಕೊನೆಗೆ ಮಾತು

ಶ್ರಾವಣದ ಶನಿವಾರ ಕಸಾಪುರ, ಮುರಡಿ, ನೇಮಕಲ್ಲು ಈ ಮೂರೂ ಕಡೆಯ ಆಂಜನೇಯನನ್ನು ಒಂದೇ ದಿನದಲ್ಲಿ ನೋಡಿ ಬರುವುದು ಬಳ್ಳಾರಿ, ರಾಯದುರ್ಗದ ಸೀಮೆಯಲ್ಲಿ ಹಳೆಯ ರೂಢಿ. ಇಂಥ ಜಾತ್ರೆ, ಪರಿಷೆಯಲ್ಲಿ ದೂರದೂರದ ಕಂಬಗಳಿಗೆ ಮೈಕ್ ಸೆಟ್ಟಿನ ಹಾರ್ನ್ ಕಟ್ಟಿದ್ದರೆ, ನಡುವೆ ನಡೆಯುವವರಿಗೆ ಒಂದೇ ಹಾಡು ಎರಡು ಸಲ ಕೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 100 ಮೀಟರ್ ಆಚೆಯ ಹಾರ್ನ್ ಹತ್ತಿರದ್ದಕ್ಕಿಂತ ಕಾಲು ಸೆಕೆಂಡಿಗೂ ಹೆಚ್ಚು ತಡ. ನೇಮಕಲ್ಲಿನ ಯಾವುದೇ ಪಡಸಾಲೆಯಲ್ಲಿ ಹೋಮ್ ಥಿಯೇಟರ್ ಕೂರಿಸುವವರು ಬಿಡಿಸಬೇಕಾದ ಗಂಟೂ ಇದೇ: ಯಾವ ಬಾಕ್ಸಿನ ಸದ್ದು ಕಿವಿಗೆ ಮೊದಲು ಮುಟ್ಟಬೇಕು?

ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಅಳೆದು ತೋರಿಸಿದ. ಒಂದೇ ಸದ್ದು ಎರಡು ಕಡೆಯಿಂದ ಸೆಕೆಂಡಿನ ನೂರನೇ ಒಂದೆರಡು ಪಾಲಿನಷ್ಟು ಹಿಂದುಮುಂದಾಗಿ ಬಂದರೆ ಕಿವಿ ಎರಡೆಂದು ಎಣಿಸುವುದಿಲ್ಲ. ಮೊದಲು ಮುಟ್ಟಿದ ಕಡೆಯಿಂದಲೇ ಬಂತೆಂದು ನಂಬಿಬಿಡುತ್ತದೆ. ಬೆನ್ನ ಹಿಂದಿನ ಬಾಕ್ಸನ್ನು ಬೇಕೆಂದೇ ತುಸು ತಡಮಾಡಿಸುವ ಉಪಾಯ ಬಂದದ್ದು ಇಲ್ಲಿಂದ. ರಿಸೀವರಿನಲ್ಲಿ ಒಂದೊಂದು ಬಾಕ್ಸು ಎಷ್ಟು ದೂರದಲ್ಲಿದೆ ಎಂದು ಕೇಳುವುದೂ ಇದೇ ಲೆಕ್ಕಕ್ಕೆ.

ನಮ್ಮ ಮನೆಗಳಿಗೆ ಮೊದಲು ಬಂದದ್ದು ಗುಡುಗು, ಮಾತು ಕೊನೆಗೆ. ಸಿನಿಮಾದ ಸದ್ದು ಬೆಳೆದ ಕ್ರಮವೇ ಬೇರೆ. ಅಲ್ಲಿ ನಡುವಿನ ಮಾತಿಗೆ ಮೊದಲ ಮಣೆ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯಮೇಳವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕೇಳಿಸಿದಾಗ ಎಡ, ಬಲದ ಜೊತೆಗೆ ಮಧ್ಯಕ್ಕೂ ಒಂದು ಲೌಡ್‌ಸ್ಪೀಕರ್ ಇಟ್ಟಿದ್ದರು. ಡಿಸ್ನಿಯ ‘ಫ್ಯಾಂಟೇಸಿಯಾ’ 1940ರಲ್ಲಿ ಸದ್ದನ್ನು ಪ್ರೇಕ್ಷಕರ ಸುತ್ತ ಹರಡಿತು. ಯಂತ್ರ ಎಷ್ಟು ದುಬಾರಿಯೆಂದರೆ ಕೆಲವೇ ಊರುಗಳಲ್ಲಿ ಅದು ಹಾಗೆ ನಡೆಯಿತು. 1953ರ ‘ದಿ ರೋಬ್’ ಚಿತ್ರಕ್ಕೆ ನಾಲ್ಕು ಟ್ರ್ಯಾಕ್: ಪರದೆಯ ಹಿಂದೆ ಮೂರು, ಪ್ರೇಕ್ಷಕರ ಕಡೆಗೆ ಒಂದು. ಗುಡುಗುವ ಬೇಸ್‌ಗೇ ಬೇರೆ ಬಾಕ್ಸು ಮೀಸಲಾದದ್ದು ಎಲ್ಲಕ್ಕಿಂತ ತಡವಾಗಿ, 1970ರ ದಶಕದಲ್ಲಿ.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪುಟವಿದೆ. ರೇ ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೊ ಸಲಹೆಗಾರನಾಗಿ ಭಾರತದಲ್ಲಿದ್ದ. 1965ರಲ್ಲಿ ಲಂಡನ್ನಿಗೆ ಹೋಗಿ ತನ್ನ ಪ್ರಯೋಗಶಾಲೆ ತೆರೆದ. ಮೊದಲ ಕೆಲಸ ಟೇಪಿನ ‘ಉಸ್’ ಸದ್ದನ್ನು ಅಡಗಿಸುವುದು. ಆ ಕಂಪನಿ ಮುಂದೆ ಎಡ, ಬಲ, ಮಧ್ಯ, ಹಿಂದೆ ಎಂಬ ನಾಲ್ಕನ್ನೂ ಎರಡೇ ಟ್ರ್ಯಾಕಿನೊಳಗೆ ಮಡಚಿಟ್ಟಿತು. ಹಿಂದಿನ ಸದ್ದನ್ನು ಎರಡು ಟ್ರ್ಯಾಕಿನಲ್ಲೂ ಒಂದಕ್ಕೊಂದು ತಿರುವುಮುರುವಾಗಿ ಬರೆದರೆ, ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಮತ್ತೆ ಈಚೆ ಬರುತ್ತದೆ. ಎರಡೇ ಟ್ರ್ಯಾಕ್ ಆದ್ದರಿಂದ ಅದು ಸ್ಟೀರಿಯೊ ವಿಡಿಯೊ ಕ್ಯಾಸೆಟ್ಟಿನಲ್ಲೂ ಉಳಿಯಿತು, ಹಾಗೆಯೇ ಮನೆಗೂ ಬಂತು. ತಮಾಷೆಯೆಂದರೆ, ಹೀಗೆ ಮಡಚಿದ್ದನ್ನು ಬಿಡಿಸುವ 1982ರ ಮನೆಯ ಡಿಕೋಡರಿನಲ್ಲಿ ಮಧ್ಯದ ಚಾನೆಲ್ಲೇ ಇರಲಿಲ್ಲ. ಅದು ಬರಲು 1987ರ ಪ್ರೊ ಲಾಜಿಕ್ ಡಿಕೋಡರೇ ಆಗಬೇಕಾಯಿತು.

ಆಂಧ್ರ, ಕರ್ನಾಟಕದ ನಡುವಿನ ನಮ್ಮ ಗಡಿಸೀಮೆಯವರದು ತೆಲುಗು, ಕನ್ನಡ, ಹಿಂದಿ ಮೂರನ್ನೂ ನೋಡುವ ಕಣ್ಣು. ರಾಮನಗರದ ಬಂಡೆಗಳಲ್ಲಿ ಚಿತ್ರೀಕರಿಸಿದ ‘ಶೋಲೆ’ 1975ರಲ್ಲಿ, ಕೃಷ್ಣ ನಿರ್ದೇಶಿಸಿ ನಟಿಸಿದ ತೆಲುಗಿನ ‘ಸಿಂಹಾಸನಂ’ 1986ರಲ್ಲಿ 70 ಎಂಎಂ, ಸ್ಟೀರಿಯೊಫೋನಿಕ್ ಎಂದು ಹೇಳಿಕೊಂಡೇ ಬಂದವು. ಅಂಥ ಸದ್ದಿನ ಆಸೆಯನ್ನು ಮನೆಗೆ ತಂದದ್ದು ಮಾತ್ರ ರೇಡಿಯೊ, ಟೇಪ್ ರಿಪೇರಿ ಅಂಗಡಿಯ ಮಂದಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯಿಂದ ಬೋರ್ಡು, ಟ್ರಾನ್ಸ್‌ಫಾರ್ಮರ್, 4440 ಐಸಿ ತಂದು ಜೋಡಿಸಿದ ‘ಅಸೆಂಬಲ್ಡ್’ ಆಂಪ್ಲಿಫಯರು, ಪ್ಲೈವುಡ್ಡಿನ ಬಾಕ್ಸು, ಅದರಲ್ಲೊಂದು ದೊಡ್ಡ ವೂಫರು. ಕೊಂಡವರು ಮೊದಲು ಕೇಳುತ್ತಿದ್ದದ್ದು ‘ಬೇಸ್ ಎಷ್ಟು ಹೊಡೆಯುತ್ತೆ?’ ಅಂತ. ಕಂಪನಿ ಸೆಟ್ಟುಗಳ ಡಬ್ಬದ ಮೇಲೆ ಸಾವಿರಗಟ್ಟಲೆ ವಾಟ್ ‘ಪಿಎಂಪಿಒ’ ಎಂದಿರುತ್ತಿತ್ತು. ಆ ಅಂಕಿಯನ್ನು ನಂಬಿದರೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬೇಕಿತ್ತು. ಹೆಸರು 5.1 (ಐದು ಬಾಕ್ಸು, ಬೇಸ್‌ಗೊಂದು ಸಬ್‌ವೂಫರ್) ಇದ್ದರೂ ಅನೇಕ ಸೆಟ್ಟುಗಳಲ್ಲಿ ಡಿಕೋಡರೇ ಇರಲಿಲ್ಲ. ಟಿವಿಯ ಎರಡು ಚಾನೆಲ್ಲನ್ನೇ ಐದು ಬಾಕ್ಸಿಗೂ ಹಂಚುತ್ತಿದ್ದರು. ಹೀಗಾಗಿ ನಾಯಕಿಯ ಮಾತು ಬೆನ್ನ ಹಿಂದಿನಿಂದಲೂ ಬರುತ್ತಿತ್ತು.

ನನ್ನ ಮಟ್ಟಿಗೆ ಇದು ತಪ್ಪೇನಲ್ಲ, ಹಬ್ಬದ ಹಾಡಿಗೆ ಅಷ್ಟು ಸಾಕು. ಆದರೆ ಸಿನಿಮಾದಲ್ಲಿ ಮಾತಿನ ಬಹುಪಾಲು ಮಧ್ಯದ ಚಾನೆಲ್ಲಿನಲ್ಲೇ ಇರುತ್ತದೆ. ಈಚಿನ ತೆಳು ಟಿವಿಗಳ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖಮಾಡಿ ಮಾತೇ ಮಸುಕಾದ ಮೇಲೆ, ಸೌಂಡ್‌ಬಾರಿನ ರೂಪದಲ್ಲಿ ನಡುವಿನ ಬಾಕ್ಸಿಗೆ ಕಡೆಗೂ ಬೆಲೆ ಬಂತು.

ಈಗ ಹೊಸದಾಗಿ ಕೂರಿಸುವವರು ಆ ಬಾಕ್ಸಿನಿಂದಲೇ ಶುರುಮಾಡುವುದು ಲೇಸು. ಟಿವಿಯ ಕೆಳಗಿಟ್ಟು, ಕೂತವರ ಕಿವಿಯತ್ತ ತುಸು ಮೇಲಕ್ಕೆ ಓರೆ ಮಾಡಬೇಕು. ಎಡಬಲದವು ನೇರ ನೋಟದಿಂದ 30 ಡಿಗ್ರಿ, ಹಿಂದಿನವು ಸುಮಾರು 110 ಡಿಗ್ರಿ, ಅಂದರೆ ಪೂರ್ತಿ ಬೆನ್ನಿಗಲ್ಲ, ಪಕ್ಕದಿಂದ ಚೂರು ಹಿಂದೆ. 80 ಹರ್ಟ್ಸ್‌ನ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು; ಅದಕ್ಕಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ಸುಲಭಕ್ಕೆ ತಿಳಿಯದು. ಆದ್ದರಿಂದ ಸಬ್‌ವೂಫರ್ ಎಲ್ಲಿದ್ದರೂ ನಡೆಯುತ್ತದೆ. ಮೂಲೆಗೆ ತಳ್ಳಿದರೆ ಮಾತ್ರ ಎರಡು ಗೋಡೆಯೂ ಸೇರಿ ಅದನ್ನು ಉಬ್ಬಿಸುತ್ತವೆ.

ಕಡಪ ಕಲ್ಲಿನ ನೆಲ, ಬರಿ ಗೋಡೆಯ ಪಡಸಾಲೆಯಲ್ಲಿ ಮಾತು ಗವ್ವೆನ್ನುತ್ತದೆ. ನೆಲಕ್ಕೊಂದು ಕಂಬಳಿ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಅರ್ಧ ಗೊಂದಲ ಇಳಿಯುತ್ತದೆ. ಜೀನ್ಸ್ ಹೊಲಿಯುವ ರಾಯದುರ್ಗದ ಪಕ್ಕದಲ್ಲಿ ದಪ್ಪ ಬಟ್ಟೆಗೇನು ಬರ? ಅಷ್ಟಾದ ಮೇಲೂ ಅಜ್ಜಿಗೆ ಮಾತು ತಿಳಿಯದಿದ್ದರೆ ಒಟ್ಟು ವಾಲ್ಯೂಮ್ ಏರಿಸದೆ ಮಧ್ಯದ ಬಾಕ್ಸೊಂದನ್ನೇ ಎರಡು ಮೂರು ಡೆಸಿಬೆಲ್ ಏರಿಸಬೇಕು.