ಮಳೆಗಾಲದ ಅನಂತರ ಕಾರಿನ ಎಂಜಿನ್ ಶುಚಿಗೊಳಿಸುವ ಬಗೆ

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ, ಅಂಗಳದ ಮರದಡಿ ನಿಲ್ಲಿಸಿದ ಕಾರಿನ ಬಾನೆಟ್ಟನ್ನು ಮಳೆಗಾಲ ಕಳೆದ ಮೇಲೆ ಎತ್ತಿದರೆ ಕೊಳೆತ ಎಲೆ, ಕೆಸರು, ಕೆಲವೊಮ್ಮೆ ಇಲಿಯ ಗೂಡು ಕಣ್ಣಿಗೆ ಬೀಳುತ್ತವೆ. ಸೊಲ್ಲಾಪುರ, ಜತ್ತಗಳ ಒಣಸೀಮೆಯಲ್ಲಾದರೆ ಎಣ್ಣೆಯ ಪಸೆಗೆ ಅಂಟಿ ಗಟ್ಟಿಯಾದ ಧೂಳು ಕಾಣುತ್ತದೆ. ಹೊರಮೈಯನ್ನು ವಾರಕ್ಕೊಮ್ಮೆ ತೊಳೆಯುವವರೂ ಬಾನೆಟ್ಟಿನ ಒಳಗನ್ನು ವರ್ಷಗಟ್ಟಲೆ ನೋಡುವುದಿಲ್ಲ. ಆದರೆ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವಾಹನದ ಕ್ಷೇಮವು ಹೆಚ್ಚಾಗಿ ಆ ಒಳಗನ್ನೇ ಅವಲಂಬಿಸಿದೆ.

ಅಲ್ಲಿನ ಕೊಳೆಯಿಂದ ಮೂರು ಬಗೆಯ ಅಪಾಯಗಳಿವೆ. ಒಣಗಿದ ಎಲೆಗಳು ಕಾದ ಹೊಗೆಕೊಳವೆಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಗೂಡುಕಟ್ಟಿದ ಇಲಿಗಳು ವಿದ್ಯುತ್ ತಂತಿಗಳ ಹೊದಿಕೆಯನ್ನು ಕಡಿದುಹಾಕುತ್ತವೆ. ಎಣ್ಣೆ ಅಥವಾ ಕೂಲೆಂಟ್ ಎಲ್ಲಿ ಸೋರುತ್ತಿದೆಯೆಂಬುದು ಕೊಳೆಯ ಅಡಿಯಲ್ಲಿ ಮರೆಯಾಗುತ್ತದೆ. ಆದುದರಿಂದ ಈ ಶುಚಿಕಾರ್ಯವನ್ನು ಒಂದು ತಪಾಸಣೆಯೆಂದೇ ತಿಳಿಯಬೇಕು.

ಮೊದಲನೆಯದಾಗಿ, ಎಂಜಿನ್ ಪೂರ್ಣವಾಗಿ ತಣಿದಿರತಕ್ಕದ್ದು. ಓಡುವ ಎಂಜಿನ್ನಿನ ಕೂಲೆಂಟ್ ಸುಮಾರು 90 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿರುತ್ತದೆ. ಹೊಗೆಕೊಳವೆಯ ಬಿಸಿ ಅದಕ್ಕಿಂತಲೂ ಬಹಳ ಹೆಚ್ಚು. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಸಂಭವವಿದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು. ಒತ್ತಡದಲ್ಲಿರುವ ಕುದಿನೀರು ಮೈಮೇಲೆ ಚಿಮ್ಮುತ್ತದೆ. ಬೆಳಗ್ಗೆ, ವಾಹನವನ್ನು ಹೊರತೆಗೆಯುವ ಮುನ್ನ ಈ ಕೆಲಸ ಮಾಡುವುದು ಲೇಸು.

ಬಳಿಕ ಬ್ಯಾಟರಿಯ ಋಣ ತುದಿಯ, ಎಂದರೆ ‘−’ ಗುರುತಿರುವ ಕಡೆಯ, ತಂತಿಯನ್ನು ಬಿಚ್ಚಿಡಬೇಕು. ಮರುಜೋಡಿಸುವಾಗ ಇದೇ ಕೊನೆಯದಾಗಬೇಕು. ಬ್ಯಾಟರಿ, ಫ್ಯೂಸ್ ಪೆಟ್ಟಿಗೆ, ಆಲ್ಟರ್ನೇಟರ್, ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ, ಬಿಚ್ಚಿಕಾಣುವ ತಂತಿಜೋಡಣೆಗಳು, ಎಂಜಿನ್ನನ್ನು ನಿಯಂತ್ರಿಸುವ ಗಣಕಪೆಟ್ಟಿಗೆ — ಇವುಗಳನ್ನು ಪ್ಲಾಸ್ಟಿಕ್ ಚೀಲಗಳಿಂದ ಮುಚ್ಚಿ ಕಟ್ಟತಕ್ಕದ್ದು. ಬ್ಯಾಟರಿಯಿಂದ ಓಡುವ ಕಾರು ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳು ನೂರಾರು ವೋಲ್ಟಿನ ವಿದ್ಯುತ್ತನ್ನು ಒಯ್ಯುತ್ತವೆ. ಅಂಥ ವಾಹನಗಳನ್ನು ಮನೆಯಲ್ಲಿ ಬಿಚ್ಚದೆ ಬಲ್ಲವರಿಗೆ ಒಪ್ಪಿಸಬೇಕು.

ಮೊದಲ ಹಂತದಲ್ಲಿ ನೀರೇ ಬೇಡ. ಎಲೆಗಳನ್ನು ಕೈಯಿಂದ ಆಯ್ದು, ಧೂಳನ್ನು ಮೃದು ಕುಂಚದಿಂದ ಉದುರಿಸಬೇಕು. ಮುಂಗಾಜಿನ ಬುಡದಲ್ಲಿರುವ ನೀರಿಳಿಯುವ ರಂಧ್ರಗಳನ್ನು ಮರೆಯಬಾರದು. ಅವು ಕಟ್ಟಿಕೊಂಡರೆ ಮಳೆನೀರು ಕಾರಿನ ಒಳಕ್ಕೆ ಹರಿಯುತ್ತದೆ. ಇಲಿಯ ಹಿಕ್ಕೆ ಕಂಡಲ್ಲಿ ವಿಶೇಷ ಎಚ್ಚರ ಬೇಕು. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ, ಚರ್ಮದ ಗಾಯ, ಕಣ್ಣು, ಬಾಯಿಗಳ ಮೂಲಕ ದೇಹವನ್ನು ಸೇರುತ್ತದೆ. ಆದುದರಿಂದ ರಬ್ಬರಿನ ಕೈಗವಸು, ಮುಖಗವಸು ಧರಿಸಿ, ಗೂಡನ್ನು ಸೋಂಕುನಾಶಕ ದ್ರಾವಣದಿಂದ ತೇವಗೊಳಿಸಿ, ಕೆಲವು ನಿಮಿಷ ಬಿಟ್ಟು ತೆಗೆಯತಕ್ಕದ್ದು. ಒಣಗಿದ್ದಾಗಲೇ ಗುಡಿಸಬಾರದು. ಮಕ್ಕಳನ್ನು ಈ ಕೆಲಸದಿಂದ ದೂರವಿರಿಸಬೇಕು.

ಎರಡನೆಯ ಹಂತ, ಜಿಡ್ಡನ್ನು ತೆಗೆಯುವುದು. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಬಳಸುವ ರೂಢಿ ಅನೇಕ ಕಡೆಗಳಲ್ಲಿದೆ. ಇದು ತಪ್ಪು. ಪೆಟ್ರೋಲಿನ ಆವಿ ಕಡುಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯ ಆವಿಗೆ ಸುಮಾರು 40 ಡಿಗ್ರಿ ಕಾವು ಸಾಕು. ಜೊತೆಗೆ ಇವು ರಬ್ಬರಿನ ಕೊಳವೆಗಳನ್ನು ಉಬ್ಬಿಸಿ ಕೆಡಿಸುತ್ತವೆ. ಪೇಟೆಯಲ್ಲಿ ದೊರೆಯುವ, ನೀರಿನಲ್ಲಿ ಕರಗುವ ಜಿಡ್ಡುನಾಶಕವನ್ನು ಕುಂಚದಿಂದ ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನೀರು ಬೇಕೇ ಆದರೆ ಗಿಡಗಳಿಗೆ ಸಿಂಪಡಿಸುವ ಕೈಪಂಪಿನಷ್ಟು ಮೆಲ್ಲನೆಯ ಧಾರೆ ಇರಲಿ. ಒತ್ತಡದ ಪಂಪಿನ ಧಾರೆಯು ತಂತಿಜೋಡಣೆಗಳ ರಬ್ಬರ್ ತಡೆಯನ್ನು ದಾಟಿ ಒಳನುಗ್ಗುತ್ತದೆ. ಅದರ ಫಲವಾದ ತುಕ್ಕು ವಾರಗಳ ಬಳಿಕ, ನಡುದಾರಿಯಲ್ಲಿ ಎಂಜಿನ್ ನಿಂತಾಗ ತಿಳಿಯುತ್ತದೆ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ನೀಲಿಹಸಿರು ಪುಡಿ ಕಟ್ಟಿದ್ದರೆ, ಅಡುಗೆಸೋಡಾ ಕದಡಿದ ನೀರಿನಲ್ಲಿ ಅದ್ದಿದ ಕುಂಚದಿಂದ ಉಜ್ಜಬೇಕು. ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು.

ಒರೆಸುತ್ತಿರುವಾಗ ಬಟ್ಟೆಗೆ ಹತ್ತಿದ ಬಣ್ಣವನ್ನು ಗಮನಿಸತಕ್ಕದ್ದು. ಕಂದು ಅಥವಾ ಕಪ್ಪಾದರೆ ಅದು ಎಂಜಿನ್ ಎಣ್ಣೆ. ಹಸಿರು, ಗುಲಾಬಿ ಅಥವಾ ಕಿತ್ತಳೆಯಾದರೆ ಸಾಮಾನ್ಯವಾಗಿ ಕೂಲೆಂಟ್. ಬ್ರೇಕ್ ಎಣ್ಣೆಯ ಡಬ್ಬಿಯ ಸುತ್ತ ತಿಳಿಹಳದಿ ತೇವವಿದ್ದರೆ ಒಡನೆಯೇ ಮೆಕ್ಯಾನಿಕ್ಕನಿಗೆ ತೋರಿಸಬೇಕು. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳೂ ನಾಯಿ, ಬೆಕ್ಕುಗಳೂ ಅದನ್ನು ನೆಕ್ಕುವ ಅಪಾಯವಿರುವುದರಿಂದ ನೆಲಕ್ಕೆ ಬಿದ್ದುದನ್ನು ಕೂಡಲೇ ತೊಡೆಯಬೇಕು.

ಕೊನೆಯದು ಹೊಳಪಿನ ಲೇಪ. ಇದು ಅಲಂಕಾರ; ಕಡ್ಡಾಯವಲ್ಲ. ಹಚ್ಚುವುದಾದರೆ ನೀರು ಆಧಾರಿತ ಲೇಪವನ್ನು ಬಟ್ಟೆಗೆ ಹಾಕಿಕೊಂಡು, ಪ್ಲಾಸ್ಟಿಕ್ ಮುಚ್ಚಳಗಳಿಗೂ ರಬ್ಬರ್ ಕೊಳವೆಗಳಿಗೂ ತೆಳುವಾಗಿ ಸವರಿ, ಹೆಚ್ಚಾದುದನ್ನು ಒರೆಸಬೇಕು. ತಿರುಗುವ ಬೆಲ್ಟಿಗೆ ಅದು ತಾಗಿದರೆ ಬೆಲ್ಟ್ ಜಾರುತ್ತದೆ. ಕಾಯುವ ಹೊಗೆಕೊಳವೆಗೆ ತಾಗಿದರೆ ಹೊಗೆ ಏಳುತ್ತದೆ. ಸೋರಿಕೆ ಇರುವಲ್ಲಿ ಲೇಪ ಹಚ್ಚಿದರೆ ದೋಷವು ಮತ್ತೆ ಮರೆಯಾಗುತ್ತದೆ.

ಚೀಲಗಳನ್ನೆಲ್ಲ ಬಿಚ್ಚಿ, ಬಾನೆಟ್ಟನ್ನು ಕೆಲವು ಗಂಟೆಗಳ ಕಾಲ ತೆರೆದಿಟ್ಟು ಒಣಗಿಸಿ, ಬಟ್ಟೆ, ಕುಂಚಗಳು ಒಳಗೆ ಉಳಿದಿಲ್ಲವೆಂದು ನೋಡಿಕೊಂಡು, ಬ್ಯಾಟರಿಯನ್ನು ಜೋಡಿಸಿ ಎಂಜಿನ್ ಚಾಲನೆ ಮಾಡಬೇಕು. ಸದ್ದು ತಡವರಿಸಿದರೆ, ಎಚ್ಚರಿಕೆಯ ದೀಪ ಆರದೆ ಉಳಿದರೆ ಓಡಿಸದೆ ನಿಲ್ಲಿಸಿ ಮೆಕ್ಯಾನಿಕ್ಕನನ್ನು ಕರೆಯುವುದು ಕ್ಷೇಮ.

ನಮ್ಮ ಮನೆಗಳ ಅಂಗಳದಲ್ಲಿ ತೆರೆದ ಬಾವಿಗಳಿರುವುದು ಸಾಮಾನ್ಯ. ಎಣ್ಣೆ ಬೆರೆತ ನೀರು ಬಾವಿಯ ಕಡೆಗಾಗಲಿ, ತೋಡಿಗಾಗಲಿ ಹರಿಯದಂಥ ಜಾಗವನ್ನು ಆರಿಸಿಕೊಂಡೇ ಈ ಕೆಲಸಕ್ಕೆ ತೊಡಗಬೇಕು.