ಕಾಲು ಬಿಡು, ಲೆಕ್ಕ ಬಿಡು

ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಬೆಳಗಿನ ಆರರ ಸುಮಾರಿಗೆ ಹೋದರೆ ಪೊಲೀಸ್ ಮತ್ತು ಸೈನ್ಯದ ಭರ್ತಿಗೆ ತಯಾರಿ ನಡೆಸಿರುವ ಹುಡುಗರು ಗುಂಪುಗುಂಪಾಗಿ ಸಿಗುತ್ತಾರೆ. ಓಟ ಮುಗಿಸಿ ಇಬ್ಬಿಬ್ಬರು ಜೋಡಿಯಾಗುತ್ತಾರೆ. ಒಬ್ಬ ಮೊಣಕಾಲು ಮಡಚಿ ಅಂಗಾತ ಮಲಗುತ್ತಾನೆ, ಇನ್ನೊಬ್ಬ ಅವನ ಪಾದಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾನೆ. ಮಲಗಿದವನು ಕೈಗಳನ್ನು ತಲೆಯ ಹಿಂದೆ ಹೆಣೆದು, ರಭಸದಿಂದ ಎದ್ದು, ಮೊಣಕೈಯನ್ನು ಮೊಣಕಾಲಿಗೆ ತಾಗಿಸಿ, ದೊಪ್ಪನೆ ಹಿಂದಕ್ಕೆ ಬೀಳುತ್ತಾನೆ. ಕಾಲು ಹಿಡಿದವನು ಎಣಿಸುತ್ತಾನೆ. ಇದೇ ಸಿಟ್ ಅಪ್. ಶಾಲೆಯಲ್ಲಿ ಕಿವಿ ಹಿಡಿಸಿ ಹೊಡೆಸುತ್ತಿದ್ದ ಬಸ್ಕಿಯಲ್ಲ, ಹಳೇ ಡ್ರಿಲ್ ಮಾಸ್ತರರ ಕಾಲದ ಹೊಟ್ಟೆಯ ಕಸರತ್ತು.

ತಮಾಷೆಯೆಂದರೆ ಈ ಹುಡುಗರ ಪರೀಕ್ಷೆಯಲ್ಲಿ ಸಿಟ್ ಅಪ್ ಇಲ್ಲವೇ ಇಲ್ಲ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 1,600 ಮೀಟರ್ ಓಟ, ಉದ್ದ ಅಥವಾ ಎತ್ತರ ಜಿಗಿತ, ಗುಂಡು ಎಸೆತ. ಅಗ್ನಿವೀರರಿಗೆ 1.6 ಕಿಲೋಮೀಟರ್ ಓಟ, ಪುಲ್ ಅಪ್, ಒಂಬತ್ತು ಅಡಿಯ ಹಳ್ಳ ಜಿಗಿಯುವುದು, ಅಂಕುಡೊಂಕು ಹಲಗೆಯ ಮೇಲೆ ನಡೆಯುವುದು. ಆದರೂ ದಿನಾ ನೂರು, ಇನ್ನೂರು ಹೊಡೆಯುತ್ತಾರೆ. ಕೇಳಿದರೆ, "ಹೊಟ್ಟಿ ಗಟ್ಟಿ ಆಗ್ತೈತ್ರಿ ಮೇಡಂ" ಅನ್ನುತ್ತಾರೆ. ಅವರಲ್ಲಿ ಕೆಲವರು ಮುಂದೆ ಟೊಂಕ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಇದೇ ಊರಿನಲ್ಲಿ ಫಿಜಿಯೊಥೆರಪಿ ಮಾಡುವವಳು. ಟೊಂಕನೋವಿನವರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತದೆ. ಹಾಗಾಗಿ ಸಿಟ್ ಅಪ್ಪಿನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಿಜವಾಗಿಯೂ ಇಲ್ಲ. ಸಿಟ್ಟಿರುವುದು ಆ ಕಾಲು ಹಿಡಿಯುವವನ ಮೇಲೆ, ಅವನ ಲೆಕ್ಕದ ಮೇಲೆ.

ಯಾಕೆಂದು ತಿಳಿಯಲು ಒಳಗೆ ಏನಾಗುತ್ತದೆ ನೋಡಬೇಕು. ನೆಲದಿಂದ ತಲೆ, ಹೆಗಲು ಎತ್ತಿ ಬೆನ್ನನ್ನು ಬಾಗಿಸುವ ಮೊದಲ ಹಂತದಲ್ಲಿ ಕೆಲಸ ಮಾಡುವುದು ಹೊಟ್ಟೆಯ ಮುಂಭಾಗದ ಉದ್ದ ಸ್ನಾಯು. ಎದೆಗೂಡಿನಿಂದ ಕಿಬ್ಬೊಟ್ಟೆಯ ಎಲುಬಿನವರೆಗೆ ಇಳಿಯುವ ಇದನ್ನೇ ಸಿನಿಮಾದವರು ಸಿಕ್ಸ್ ಪ್ಯಾಕ್ ಎಂದು ತೋರಿಸುವುದು. ಹೆಗಲು ನೆಲ ಬಿಟ್ಟ ಮೇಲೆ ಉಳಿದ ಏಳುವಿಕೆಯೆಲ್ಲ ನಡೆಯುವುದು ಸೊಂಟದ ಕೀಲಿನಲ್ಲಿ. ಅಲ್ಲಿ ದುಡಿಯುವುದು ತೊಡೆಯನ್ನು ಎತ್ತುವ ಸ್ನಾಯುಗಳು, ಅದರಲ್ಲೂ ಸೋಯಸ್ ಎಂಬುದು. ಇದರ ಒಂದು ತುದಿ ತೊಡೆಯೆಲುಬಿಗೆ, ಇನ್ನೊಂದು ತುದಿ ನೇರವಾಗಿ ಟೊಂಕದ ಮಣಿಗಳಿಗೆ ಅಂಟಿದೆ. ಅದು ಬಿಗಿದಾಗಲೆಲ್ಲ ಮಣಿಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಪಾದವನ್ನು ಯಾರಾದರೂ ಹಿಡಿದರೆ ಈ ಸ್ನಾಯುಗಳಿಗೆ ಎಳೆಯಲು ಗಟ್ಟಿ ಆಧಾರ ಸಿಕ್ಕಂತಾಗಿ ಹೊಟ್ಟೆಗಿಂತ ಅವೇ ಹೆಚ್ಚು ದುಡಿಯುತ್ತವೆ. ಹುಡುಗ ಹೊಟ್ಟೆ ಗಟ್ಟಿಯಾಗುತ್ತಿದೆ ಅಂದುಕೊಂಡಿರುತ್ತಾನೆ, ದುಡಿದಿದ್ದು ಬಹುಪಾಲು ತೊಡೆಸಂದು.

ಆ ಒತ್ತಡ ಎಷ್ಟು? ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಿಂದ ಜೀವಂತ ಮನುಷ್ಯರ ಟೊಂಕದ ಡಿಸ್ಕಿನೊಳಗೇ ಸೂಜಿ ಇಳಿಸಿ ಅಳೆದವರು. ನಿಂತಾಗ ಇರುವುದಕ್ಕಿಂತ ಸಿಟ್ ಅಪ್ ಹೊಡೆಯುವಾಗ ಒತ್ತಡ ಎರಡು ಪಟ್ಟಿಗೂ ಮಿಕ್ಕಿ ಏರುತ್ತದೆ ಎಂದು ಅವರು ತೋರಿಸಿದರು. ಮುಂದೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಒಂದೊಂದು ಸಿಟ್ ಅಪ್ಪಿಗೂ ಟೊಂಕದ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಬೀಳುತ್ತದೆ ಎಂದು ಕಂಡಿತು, ಅಂದರೆ ಮುನ್ನೂರು ಕಿಲೋಗೂ ಮೀರಿದ ಭಾರ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಭಾರ ಎತ್ತುವ ಕೆಲಸಗಾರರಿಗೆ ಎಚ್ಚರಿಕೆಯ ಗೆರೆ ಎಳೆದಿರುವುದು 3,400ಕ್ಕೆ. ಮೊಣಕಾಲು ಮಡಚಿದರೆ ಟೊಂಕಕ್ಕೆ ಆರಾಮ ಎಂದು ನಮಗೆಲ್ಲ ಕಾಲೇಜಿನಲ್ಲಿ ಕಲಿಸಿದ್ದರಲ್ಲ, ಆ ಲೆಕ್ಕದಲ್ಲಿ ಕಾಲು ಚಾಚಿದ್ದಕ್ಕೂ ಮಡಚಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಮೆಕ್‌ಗಿಲ್ ಪ್ರಯೋಗಾಲಯದ ಇನ್ನೊಂದು ಕೆಲಸ ಹೆಚ್ಚು ಗದ್ದಲ ಎಬ್ಬಿಸಿತು. ಸತ್ತ ಹಂದಿಯ ಕತ್ತಿನ ಮಣಿಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಮೇಲಿನಿಂದ ಒತ್ತುತ್ತ, ಹಿಂದೆ ಮುಂದೆ ಬಾಗಿಸುತ್ತ ಹೋದರು. ಸಾವಿರಾರು ಸಲ ಬಾಗಿಸಿದಾಗ ಡಿಸ್ಕಿನ ಒಳಗಿನ ಲೋಳೆಯಂಥ ತಿರುಳು ಹಿಂಬದಿಯ ಪದರಗಳನ್ನು ಸೀಳುತ್ತ ಹೊರಗೆ ಸರಿಯಿತು. ಇದನ್ನೇ ನಾವು ಡಿಸ್ಕ್ ಜಾರಿದೆ ಅನ್ನುವುದು. ಅಂದಿನಿಂದ ಜಗತ್ತಿನ ಅರ್ಧ ಜಿಮ್‌ಗಳಲ್ಲಿ ಸಿಟ್ ಅಪ್ ಅಂದರೆ ವಿಷ ಎಂಬ ಮಾತು ಹಬ್ಬಿತು. ನನಗೆ ಇದು ಅತಿಯಾಯಿತು ಅನಿಸುತ್ತದೆ. ಸತ್ತ ಹಂದಿಯ ಡಿಸ್ಕಿಗೆ ರಾತ್ರಿ ನಿದ್ದೆಯಿಲ್ಲ, ದುರಸ್ತಿಯಿಲ್ಲ. ಜೀವಂತ ಬೆನ್ನು ಸಾವಕಾಶವಾಗಿ ಹೊರೆಗೆ ಒಗ್ಗಿಕೊಳ್ಳುತ್ತದೆ.

ಇದಕ್ಕೆ ಬಲವಾದ ಆಧಾರವೂ ಉಂಟು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕ ಸೈನ್ಯದ 1,141 ಮಂದಿಯನ್ನು ಎರಡು ಪಾಲು ಮಾಡಿ ಹನ್ನೆರಡು ವಾರ ತರಬೇತಿ ಕೊಟ್ಟರು. ಒಂದು ಪಾಲಿಗೆ ಮಾಮೂಲಿ ಸಿಟ್ ಅಪ್, ಇನ್ನೊಂದು ಪಾಲಿಗೆ ನಡುವನ್ನು ಅಲುಗಾಡಿಸದೆ ಗಟ್ಟಿ ಮಾಡುವ ವ್ಯಾಯಾಮ. ಪೆಟ್ಟು, ನೋವುಗಳ ಪ್ರಮಾಣದಲ್ಲಿ ಎರಡೂ ಪಾಲಿನವರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹರೆಯದ, ಗಟ್ಟಿಮುಟ್ಟಾದ ಬೆನ್ನು ಸಿಟ್ ಅಪ್ಪಿನಿಂದ ಮುರಿದುಬೀಳುವುದಿಲ್ಲ. ಆದರೆ ಅದೇ ಸೈನಿಕರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು: ತರಬೇತಿಯಲ್ಲಿ ಸಿಟ್ ಅಪ್ ಹೊಡೆಯದವರು ಸಿಟ್ ಅಪ್ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡ ಸುದ್ದಿ.

ಲೆಕ್ಕದ ಹುಚ್ಚು ಎಲ್ಲಿಂದ ಬಂತು ಎಂಬುದಕ್ಕೂ ಸೈನ್ಯವೇ ಒಳ್ಳೆಯ ಸಾಕ್ಷಿ. ಅಮೆರಿಕದ ಸೈನ್ಯ 1980ರಲ್ಲಿ ತಂದ ದೇಹದಾರ್ಢ್ಯ ಪರೀಕ್ಷೆಯಲ್ಲಿ ಎರಡು ನಿಮಿಷದ ಸಿಟ್ ಅಪ್ ಸೇರಿತ್ತು. 17ರಿಂದ 21ರ ವಯಸ್ಸಿನವರಿಗೆ 53 ಹೊಡೆದರೆ ಪಾಸು, 78 ಹೊಡೆದರೆ ನೂರಕ್ಕೆ ನೂರು. ಬೆರಳುಗಳನ್ನು ತಲೆಯ ಹಿಂದೆ ಹೆಣೆದಿರಬೇಕು, ಇನ್ನೊಬ್ಬ ಕಾಲಗಂಟು ಹಿಡಿದಿರಬೇಕು ಎಂಬುದು ನಿಯಮ. ಅಂದರೆ ಕತ್ತಿಗೆ, ಟೊಂಕಕ್ಕೆ ಯಾವುದು ಆಗಿಬರುವುದಿಲ್ಲವೋ ಅದನ್ನೇ ಕಡ್ಡಾಯ ಮಾಡಿದ್ದರು! ಎರಡು ನಿಮಿಷದಲ್ಲಿ 78 ಅಂದರೆ ಒಂದಕ್ಕೆ ಒಂದೂವರೆ ಸೆಕೆಂಡು. ಆ ಅವಸರದಲ್ಲಿ ಯಾವ ಹುಡುಗ ಬೆನ್ನನ್ನು ನಿಧಾನವಾಗಿ ಇಳಿಸುತ್ತಾನೆ? ನೆಲಕ್ಕೆ ಬೆನ್ನು ಅಪ್ಪಳಿಸಿ, ಅದರ ಪುಟಿತದಲ್ಲೇ ಮೇಲೇಳುತ್ತಾನೆ. ಕೊನೆಕೊನೆಗೆ ಹೊಟ್ಟೆ ಸೋತಾಗ ಕೈಯಿಂದ ತಲೆಯನ್ನೇ ಎಳೆಯುತ್ತಾನೆ. ಕೊನೆಗೆ ಅಲ್ಲಿನ ನೌಕಾಪಡೆ 2021ರಲ್ಲಿ ಇಂಥ ಏಳುವ ವ್ಯಾಯಾಮವನ್ನು ಕೈಬಿಟ್ಟು, ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಪ್ಲಾಂಕ್ ತಂದಿತು, ಭೂಸೈನ್ಯದ ಹಳೇ ಪರೀಕ್ಷೆ 2022ರಲ್ಲಿ ಹೋಗಿ ಅಲ್ಲಿಗೂ ಪ್ಲಾಂಕ್ ಬಂತು.

ನಮ್ಮ ಖೇಲೋ ಇಂಡಿಯಾದ ಶಾಲಾ ಪರೀಕ್ಷೆ ಈ ವಿಷಯದಲ್ಲಿ ಮೇಲು. ಅಲ್ಲಿರುವುದು ಅರ್ಧ ಏಳುವ ಕರ್ಲ್ ಅಪ್.

ಹೊಟ್ಟೆ ಕರಗಿಸಲು ಸಿಟ್ ಅಪ್ ಹೊಡೆಯುವವರ ಸಂಖ್ಯೆ ದೊಡ್ಡದು. ಅವರಿಗೆ ನಾನು ಹೇಳುವ ಕತೆ ಒಂದೇ. 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹದಿಮೂರು ಗಂಡಸರಿಂದ 27 ದಿನಗಳಲ್ಲಿ ತಲಾ 5,004 ಸಿಟ್ ಅಪ್ ಹೊಡೆಸಿ, ಮೊದಲೂ ಆಮೇಲೂ ಹೊಟ್ಟೆ, ಬೆನ್ನು, ಪಿರ್ರೆಗಳಿಂದ ಕೊಬ್ಬಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೊಬ್ಬಿನ ಕೋಶಗಳು ಕುಗ್ಗಿದ್ದವು, ಆದರೆ ಮೂರೂ ಕಡೆ ಒಂದೇ ಸಮ. ಹೊಟ್ಟೆಗೆಂದು ವಿಶೇಷ ರಿಯಾಯಿತಿ ಇರಲಿಲ್ಲ. ದೇಹ ಕೊಬ್ಬನ್ನು ಖರ್ಚು ಮಾಡುವಾಗ ಎಲ್ಲಿಂದ ತೆಗೆಯಬೇಕೆಂದು ನಮ್ಮನ್ನು ಕೇಳುವುದಿಲ್ಲ. ಕೆಲಗೇರಿ ಕೆರೆಯ ದಂಡೆಯಲ್ಲಿ ದಿನಾ ಬಿರುಸಾಗಿ ನಡೆದು, ರಾತ್ರಿಯ ಊಟದಲ್ಲಿ ಅನ್ನ ಕಡಿಮೆ ಮಾಡಿದವರ ಹೊಟ್ಟೆ ಇಳಿದದ್ದನ್ನು ಕಂಡಿದ್ದೇನೆ. ಬರೀ ಸಿಟ್ ಅಪ್ಪಿನಿಂದ ಇಳಿದದ್ದನ್ನು ಕಂಡಿಲ್ಲ.

ಇಷ್ಟು ಹೊತ್ತು ಹುಡುಗರ ಮಾತಾಯಿತು. ನನಗೆ ನಿಜಕ್ಕೂ ಹೆದರಿಕೆಯಾಗುವುದು ಅವರ ತಾಯಂದಿರು, ಅಜ್ಜಿಯಂದಿರು ಮೊಬೈಲಿನ ವಿಡಿಯೊ ನೋಡಿ ಚಾಪೆ ಹಾಸಿದಾಗ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಟೊಳ್ಳಾಗುತ್ತದೆ. ಟೊಳ್ಳಾದ ಬೆನ್ನುಮಣಿಯ ಮುಂಭಾಗವೇ ಮೊದಲು ಕುಸಿಯುವ ಜಾಗ, ಸಿಟ್ ಅಪ್ ಬಾಗಿಸಿ ಒತ್ತುವುದೂ ಅಲ್ಲೇ. ಅಮೆರಿಕದ ಮೇಯೊ ಕ್ಲಿನಿಕ್‌ನ ಮೆಹರ್‌ಶೀದ್ ಸಿನಾಕಿ ಮತ್ತು ಸಹೋದ್ಯೋಗಿ 1984ರಲ್ಲಿ ಇಂಥ 59 ಹೆಂಗಸರ ವಿವರ ಪ್ರಕಟಿಸಿದರು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದ 25 ಮಂದಿಯಲ್ಲಿ ನಾಲ್ವರಿಗೆ ಮಣಿಗಳು ಹೊಸದಾಗಿ ಕುಸಿದಿದ್ದವು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದ 9 ಮಂದಿಯಲ್ಲಿ 8 ಮಂದಿಗೆ. ಚಿಕ್ಕ ಅಧ್ಯಯನ, ಹಳೆಯದು, ನಿಜ. ಆದರೂ ಅದನ್ನು ಓದಿದ ಮೇಲೆ ಅರವತ್ತು ದಾಟಿದ ಯಾವ ಹೆಂಗಸಿಗೂ ಎಲುಬಿನ ಸಾಂದ್ರತೆಯ ಡೆಕ್ಸಾ ಪರೀಕ್ಷೆ ನೋಡದೆ ಸಿಟ್ ಅಪ್ ಹೇಳುವ ಧೈರ್ಯ ನನಗಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಅಕ್ಕಾವರು ಒಮ್ಮೆ ನನ್ನೆದುರು ಹಟ ಹಿಡಿದಿದ್ದರು: "ಟೀವಿಯಾಗ ಎಂಬತ್ತರ ಮುದುಕಿ ಹೊಡೀತಾಳ, ನಾ ಯಾಕ ಹೊಡೀಬಾರದು?" ಟೀವಿಯ ಮುದುಕಿಯ ಎಕ್ಸ್‌ರೇ ನನ್ನ ಹತ್ತಿರ ಇಲ್ಲರೀ, ನಿಮ್ಮದು ಐತಿ ಎಂದೆ. ಅವರಿಗೆ ಹೇಳಿಕೊಟ್ಟದ್ದು ಬೋರಲು ಮಲಗಿ ಎದೆ ಎತ್ತುವುದು, ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು.

ಬಾಣಂತಿಯರದು ಇನ್ನೊಂದು ಬಗೆಯ ತೊಂದರೆ. ಬಸುರಿನಲ್ಲಿ ಹೊಟ್ಟೆಯ ಎಡ ಬಲ ಪಟ್ಟಿಗಳ ನಡುವಿನ ಬೆಸುಗೆ ಹಿಗ್ಗಿ ಬಿರಿದಿರುತ್ತದೆ. ಹೆರಿಗೆಯಾದ ಮೇಲೆ ಅದು ತಾನಾಗಿ ಕೂಡಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಅಷ್ಟರಲ್ಲಿ ಮನೆಯವರ ಮಾತಿಗೋ ಕನ್ನಡಿಗೋ ಹೆದರಿ ಸಿಟ್ ಅಪ್ ಶುರುಮಾಡಿದರೆ ಏಳುವಾಗ ಹೊಟ್ಟೆಯ ನಟ್ಟನಡುವೆ ಉದ್ದಕ್ಕೆ ದಿಬ್ಬದಂತೆ ಉಬ್ಬುತ್ತದೆ. ಒಳಗಿನ ಒತ್ತಡ ಮುಂದಕ್ಕೂ ನುಗ್ಗುತ್ತದೆ, ಕೆಳಕ್ಕೂ ನುಗ್ಗುತ್ತದೆ. ಕೆಮ್ಮಿದಾಗ ಮೂತ್ರ ಸೋರುತ್ತದೆಂದು ಯಾರಿಗೂ ಹೇಳದೆ ಒದ್ದಾಡುವ ಎಳೆಯ ತಾಯಂದಿರು ನಮ್ಮಲ್ಲಿ ಬಹಳ. ಅವರಿಗೆ ಮೊದಲು ಬೇಕಾದದ್ದು ಉಸಿರು ಬಿಡುತ್ತ ಕಿಬ್ಬೊಟ್ಟೆಯನ್ನೂ ಮೂತ್ರ ತಡೆಯುವ ಸ್ನಾಯುಗಳನ್ನೂ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುವ ಅಭ್ಯಾಸ. ತಲೆ ಎತ್ತಿದರೂ ದಿಬ್ಬ ಏಳದಷ್ಟು ಹಿಡಿತ ಬಂದ ಮೇಲೆ ಮುಂದಿನದು. ಸಿಜೇರಿಯನ್ ಆಗಿದ್ದರೆ ವೈದ್ಯರು ಒಪ್ಪುವ ತನಕ ಅದೂ ಬೇಡ. ಬಾಣಂತನದಲ್ಲಿ ಹಳೇ ಸೀರೆಯಿಂದ ಹೊಟ್ಟೆ ಕಟ್ಟುತ್ತಾರಲ್ಲ, ಮೆತ್ತಗೆ ಕಟ್ಟಿದರೆ ಅದರಿಂದ ಆಸರೆ ಸಿಗುತ್ತದೆ. ಉಸಿರು ಕಟ್ಟುವಂತೆ ಬಿಗಿದರೆ ಅದೂ ಒತ್ತಡವನ್ನು ಕೆಳಕ್ಕೇ ತಳ್ಳುತ್ತದೆ.

ಹರ್ನಿಯಾ ಇದ್ದವರು, ರಕ್ತದೊತ್ತಡ ಹತೋಟಿಗೆ ಬಾರದವರು, ಕಾಲಿಗೆ ಇಳಿಯುವ ಸಯಾಟಿಕಾ ನೋವಿನವರು ಇದರ ಗೊಡವೆಗೆ ಹೋಗದಿರುವುದು ಲೇಸು.

ಹಾಗಾದರೆ ಯಾರಿಗೆ ಒಳ್ಳೆಯದು? ಕುಸ್ತಿ ಆಡುವವನಿಗೆ, ಕಬಡ್ಡಿಯಲ್ಲಿ ನೆಲಕ್ಕೆ ಬಿದ್ದು ತಟ್ಟನೆ ಏಳಬೇಕಾದವನಿಗೆ. ಬಾಗಿದ ಬೆನ್ನಿನಲ್ಲೂ ಬಲ ಬೇಕು ಅವರಿಗೆ, ಅದು ಪ್ಲಾಂಕಿನಿಂದ ಪೂರ್ತಿ ಬರುವುದಿಲ್ಲ. ಹೊಟ್ಟೆಯ ಸ್ನಾಯು ದಪ್ಪವಾಗಬೇಕೆಂದರೂ ಅದನ್ನು ಕುಗ್ಗಿಸಿ ಹಿಗ್ಗಿಸಬೇಕು. ಸಾಮಾನು ಬೇಡ, ದುಡ್ಡು ಬೇಡ, ಚಾಪೆ ಹಾಸುವಷ್ಟು ಜಾಗ ಸಾಕು ಎಂಬುದು ಸಣ್ಣ ಅನುಕೂಲವಲ್ಲ. ಬೆನ್ನುನೋವಿಲ್ಲದ ಹರೆಯದವರು ಹೊಡೆಯಲಿ. ಪಾದವನ್ನು ಯಾರೂ ಹಿಡಿಯಬಾರದು. ಕೈ ಎದೆಯ ಮೇಲೆ ಕತ್ತರಿಯಾಗಿರಲಿ. ಉಸಿರು ಬಿಡುತ್ತ ಏಳಬೇಕು, ಎದ್ದದ್ದಕ್ಕಿಂತ ನಿಧಾನವಾಗಿ ಇಳಿಯಬೇಕು. ಹೀಗೆ ಮಾಡಿದರೆ ಇನ್ನೂರು ಹೊಡೆಯುತ್ತಿದ್ದವನು ಹದಿನೈದಕ್ಕೆ ಏದುಸಿರು ಬಿಡುತ್ತಾನೆ. ಹಾಸಿಗೆಯಿಂದ ಎದ್ದ ತಕ್ಷಣವಂತೂ ಬೇಡ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಗಿನ ಮೊದಲ ಗಂಟೆಯಲ್ಲಿ ಬೆನ್ನು ಬಾಗಿಸುವುದು ಅವುಗಳಿಗೆ ಹೆಚ್ಚು ತ್ರಾಸು.

ಉಳಿದವರಿಗೆ ಮೆಕ್‌ಗಿಲ್ ಅವರದೇ ಕರ್ಲ್ ಅಪ್ ಸಾಕು. ಒಂದು ಮೊಣಕಾಲು ಮಡಚಿ ಇನ್ನೊಂದು ಕಾಲು ಚಾಚಿ ಮಲಗಿ, ಅಂಗೈಗಳನ್ನು ಟೊಂಕದ ಕೆಳಗಿನ ಸಂದಿಯಲ್ಲಿಟ್ಟು, ತಲೆ ಮತ್ತು ಹೆಗಲನ್ನು ನೆಲದಿಂದ ಚೂರೇ ಎತ್ತಿ ಹತ್ತು ಸೆಕೆಂಡು ನಿಲ್ಲುವುದು. ನೋಡುವವರಿಗೆ ಏನೂ ಮಾಡುತ್ತಿಲ್ಲ ಅನಿಸಬೇಕು.

ಯಾವುದೇ ವ್ಯಾಯಾಮದ ನಂತರ ನೋವು ಟೊಂಕ ಬಿಟ್ಟು ಮೊಣಕಾಲಿನ ಕೆಳಗೆ ಇಳಿದರೆ, ಪಾದ ಜೋಮು ಹಿಡಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹಾಸಿಗೆಯಿಂದ ನೆಟ್ಟಗೆ ಎದ್ದು ಕೂರುವುದೂ ಒಂದು ಸಿಟ್ ಅಪ್ಪೇ ಎಂದು ನಾನು ಹೇಳಿದಾಗ ಟೊಂಕ ಹಿಡಿದವರೂ ಬಾಣಂತಿಯರೂ ಬೆರಗಾಗುತ್ತಾರೆ. ಅವರಿಗೆಲ್ಲ ಕಲಿಸುವುದು ಮೊದಲು ಮಗ್ಗುಲಿಗೆ ಹೊರಳಿ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಕೈಯೂರಿ ಮೈಯನ್ನು ಮೇಲೆತ್ತುವುದು. ಬಲಮಗ್ಗುಲಾಗಿ ಏಳು ಎಂದು ಮನೆಯ ಹಿರಿಯರು ಬೈಯುತ್ತಿದ್ದುದು ಇದಕ್ಕೇನಾ ಎಂದು ಅವರು ಕೇಳುತ್ತಾರೆ. ಎಡಮಗ್ಗುಲಾದರೂ ನಡೆಯುತ್ತದೆ ಎನ್ನುತ್ತೇನೆ. ಅದನ್ನು ಮಾತ್ರ ಯಾರೂ ಒಪ್ಪುವುದಿಲ್ಲ.