ಶಿಬಿರದ ರಾತ್ರಿ ಕಲಿತ ವಿಜ್ಞಾನ



ಶಿಬಿರ ಉಂಟು ಎಂದರೆ ನಿಮಗೆಷ್ಟು ಖುಷಿ ಎಂದು ನಮಗೆ ಗೊತ್ತುಂಟು. ಚೀಲಕ್ಕೆ ಏನೇನು ತುಂಬಿಸಬೇಕು ಎಂಬ ಪಟ್ಟಿ ಒಂದು ವಾರ ಮೊದಲೇ ತಯಾರು. ಆದರೆ ಪಟ್ಟಿಯಲ್ಲಿದ್ದ ಸಾಮಾನೇ ಕೈಕೊಟ್ಟರೆ ಏನು ಮಾಡುವುದು? ಕಾಸರಗೋಡಿನ ನಮ್ಮ ಶಾಲೆಯ ಶಿಬಿರದಲ್ಲಿ ಒಮ್ಮೆ ಹಾಗೆಯೇ ಆಯಿತು.

ಅಕ್ಟೋಬರ್ ತಿಂಗಳ ಕೊನೆ. ಶಾಲೆಯ ಮೈದಾನದಲ್ಲಿ ಟಾರ್ಪಾಲಿನ ಡೇರೆ ಕಟ್ಟಿದ್ದೆವು. ಸಂಜೆ ಊಟ ಮುಗಿಯುವಾಗ ತುಲಾ ಮಳೆ ಸುರಿಯಲು ಶುರುವಾಯಿತು. ಸಿಡಿಲು ಬರುವಾಗ ಬಯಲಲ್ಲಿ, ಡೇರೆಯಲ್ಲಿ ಇರಬಾರದು ಅಲ್ಲವೇ? ಎಲ್ಲರೂ ತರಗತಿಯೊಳಗೆ ಓಡಿದೆವು. ಅಷ್ಟರಲ್ಲಿ ಕರೆಂಟ್ ಹೋಯಿತು. ಆಗಲೇ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ವಾಂತಿ, ಭೇದಿ ಶುರು. ಫೋನ್ ಮಾಡಿದರೆ, "ದಾರಿಗೆ ಮರ ಬಿದ್ದಿದೆ ಸರ್, ಜೀಪು ಬರುವಾಗ ಮೂರು ಗಂಟೆಯಾದರೂ ಆದೀತು" ಎಂದರು.

ಬಾಟಲಿಯ ದೀಪ

ನಮ್ಮ ಕೈಯಲ್ಲಿ ಇದ್ದದ್ದು ಒಂದೇ ಒಂದು ಟಾರ್ಚ್. ಅದನ್ನು ನೆಟ್ಟಗೆ ನಿಲ್ಲಿಸಿದರೆ ಮಾಡಿನಲ್ಲಿ ಒಂದು ಬೆಳಕಿನ ವೃತ್ತ ಮೂಡಿತು, ಕೆಳಗೆ ಕತ್ತಲೆಯೇ. ಒಬ್ಬ ಹುಡುಗ ಟಾರ್ಚಿನ ಮೇಲೆ ನೀರು ತುಂಬಿದ ಬಾಟಲಿ ಇಟ್ಟ. ಸ್ವಲ್ಪ ವಾಸಿ ಅನಿಸಿತು, ಆದರೂ ಸಾಲದು. "ಮಂಜಿನಲ್ಲಿ ಬಸ್ಸಿನ ಲೈಟ್ ಹೇಗೆ ಕಾಣುತ್ತದೆ?" ಎಂದು ಕೇಳಿದೆ. ಅವನಿಗೆ ಕೂಡಲೇ ಹೊಳೆಯಿತು. ಚಹಾಕ್ಕೆಂದು ಇಟ್ಟಿದ್ದ ಹಾಲಿನಿಂದ ನಾಲ್ಕು ಹನಿ ಬಾಟಲಿಗೆ ಹಾಕಿದ. ಇಡೀ ಬಾಟಲಿ ಲಾಟೀನಿನಂತೆ ಬೆಳಗಿತು!

ಶುದ್ಧ ನೀರಿನಲ್ಲಿ ಬೆಳಕು ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನ ಸೂಕ್ಷ್ಮ ಕಣಗಳು ಅದನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಇದೇ ಟಿಂಡಾಲ್ ಪರಿಣಾಮ.

ಮೇಣದ ಕಡ್ಡಿ ಮೋಸ ಮಾಡಿತು

ಮಗುವಿಗೆ ಕುಡಿಸಲು ಕುದಿಸಿದ ನೀರು ಬೇಕಿತ್ತು. ಕುದಿಸಿಟ್ಟಿದ್ದ ಪಾತ್ರೆ ಗಾಳಿಗೆ ಮಗುಚಿ ಬಿದ್ದಿತ್ತು. ಹೋಗಲಿ, ಹೊಸದಾಗಿ ಬೆಂಕಿ ಹಚ್ಚುವ ಎಂದುಕೊಂಡೆವು. ಕಡ್ಡಿಗಳ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿ ತಂದಿದ್ದೆವಲ್ಲ, ಅವು ಒದ್ದೆಯಾಗುವುದಿಲ್ಲ ಎಂಬ ಧೈರ್ಯ. ಮೇಣ ಕೆರೆದು ಗೀರಿದರೆ ಒಂದೂ ಹತ್ತಲಿಲ್ಲ. ಯಾಕೆ? ಕಡ್ಡಿಯ ತಲೆಯಲ್ಲಿರುವುದು ಪೊಟ್ಯಾಶಿಯಂ ಕ್ಲೋರೇಟ್. ಕಿಡಿ ಹುಟ್ಟಿಸುವ ಕೆಂಪು ರಂಜಕ ಇರುವುದು ಪೆಟ್ಟಿಗೆಯ ಬದಿಯಲ್ಲಿ. ನಾವು ಕಡ್ಡಿಯನ್ನು ಮಾತ್ರ ಕಾಪಾಡಿದ್ದೆವು, ಪೆಟ್ಟಿಗೆ ನೆನೆದು ಮುದ್ದೆಯಾಗಿತ್ತು. ಉಪಾಯ ಗೊತ್ತಿತ್ತು, ಅದರ ಕಾರಣವನ್ನು ಯೋಚಿಸಿರಲಿಲ್ಲ. ತಪ್ಪು ನನ್ನದೇ.

ಆಗ ಅಡುಗೆಯ ಅಕ್ಕ ನಗುತ್ತಾ, "ಬೆಂಕಿ ಉಂಟು ಸರ್, ಮಲಗಿದೆ ಅಷ್ಟೆ" ಎಂದರು. ಚಪ್ಪರದ ಒಲೆಯ ಬೂದಿ ಸರಿಸಿದರೆ ಕೆಳಗೆ ಕೆಂಪು ಕೆಂಡ! ಬೂದಿ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ, ಹಾಗಾಗಿ ಕೆಂಡ ನಿಧಾನ ಉರಿಯುತ್ತದೆ. ಜೊತೆಗೆ ಬಿಸಿಯನ್ನು ಹೊರಗೆ ಬಿಡದೆ ಕಂಬಳಿಯಂತೆ ಹಿಡಿದಿಡುತ್ತದೆ. ಅಕ್ಕ ಒಣ ತೆಂಗಿನ ನಾರು ಇಟ್ಟು ಊದಿದರು. ಆಮ್ಲಜನಕ ಸಿಕ್ಕಿದ್ದೇ ತಡ, ಬೆಂಕಿ ಎದ್ದಿತು. ನೀರು ಚೆನ್ನಾಗಿ ಕುದಿಯಿತು. ಪಾತ್ರೆಯನ್ನು ಮಳೆನೀರಿನ ಬಾಲ್ದಿಯಲ್ಲಿಟ್ಟು ಬೇಗ ತಣಿಸಿದೆವು.

ಆರು ಚಮಚ, ಅರ್ಧ ಚಮಚ

ಬಾಟಲಿಯ ಬೆಳಕಿನಲ್ಲಿ ಅಳತೆ ಮಾಡಿದೆವು. 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಅಂದರೆ ಚಹಾದ ಚಮಚ, ಗೋಪುರವಾಗಿ ಅಲ್ಲ, ಮೇಲ್ಭಾಗ ಸಮ ಮಾಡಿ. ಇಲ್ಲಿ ಅಂದಾಜು ನಡೆಯುವುದಿಲ್ಲ. ಉಪ್ಪು ಹೆಚ್ಚಾದರೆ ಅಪಾಯ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಬೇರೆ ಮಾಡಬೇಕು.

ಬರೀ ನೀರು ಸಾಲದೇ ಎಂದು ನೀವು ಕೇಳಬಹುದು. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲು ಉಂಟು. ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯ ಗ್ಲೂಕೋಸ್ ಜೊತೆಯಾಗಿ ಬಂದರೆ ಅದು ಅವೆರಡನ್ನೂ ಒಳಗೆ ಬಿಡುತ್ತದೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಭೇದಿಯಾಗುವಾಗಲೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ.

ಇದರ ಶಕ್ತಿಯನ್ನು ಜಗತ್ತು ಕಂಡದ್ದೂ ಒಂದು ಶಿಬಿರದಲ್ಲೇ, ಆದರೆ ಅದು ದುಃಖದ ಶಿಬಿರ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿದ್ದರು. ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಕಾಗಲಿಲ್ಲ. ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳಿಗೆ ಮನೆಯವರೇ ಕುಡಿಸುವಂತೆ ಮಾಡಿದರು. 100 ರೋಗಿಗಳಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದ ಕಡೆ ಆ ಸಂಖ್ಯೆ 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮರುವರ್ಷ, 2023ರಲ್ಲಿ, ಪದ್ಮವಿಭೂಷಣ ಘೋಷಣೆಯಾಯಿತು.

ನಮ್ಮ ಹುಡುಗಿ ಮೊದಲ ಗುಟುಕನ್ನು ವಾಂತಿ ಮಾಡಿದಳು. ಹತ್ತು ನಿಮಿಷ ಕಾದು, ಮತ್ತೆ ಚಮಚ ಚಮಚವಾಗಿ ಕುಡಿಸಿದೆವು. ಅವಳ ಗೆಳತಿಯರು ಸರದಿಯಲ್ಲಿ ಕುಳಿತರು. ನಡುರಾತ್ರಿ ಜೀಪು ಬಂದಾಗ ಅವಳು ಎದ್ದು ಕುಳಿತು, "ನಾಳೆಯ ಚಾರಣ ನನಗೆ ತಪ್ಪುತ್ತದಾ ಸರ್?" ಎಂದು ಕೇಳಿದಳು. ಡಾಕ್ಟರರು ಪರೀಕ್ಷಿಸಿ, "ನೀವು ಕಾಯುತ್ತಾ ಸುಮ್ಮನೆ ಕೂರದಿದ್ದದ್ದು ಒಳ್ಳೆಯದಾಯಿತು" ಎಂದರು. ಚಾರಣ ಮಾತ್ರ ಅವಳಿಗೆ ತಪ್ಪಿತು.

ನೀವೂ ಮಾಡಿ ನೋಡಿ

1. ಬಾಟಲಿ ದೀಪಕ್ಕೆ ಹಾಲನ್ನು ಒಂದೊಂದೇ ಹನಿ ಹಾಕಿ. ಎಷ್ಟು ಹನಿಗೆ ಬೆಳಕು ಅತಿ ಚೆನ್ನಾಗಿದೆ? ಯಾವಾಗ ಮತ್ತೆ ಮಂಕಾಗುತ್ತದೆ? ಪಟ್ಟಿ ಮಾಡಿ.

2. ಮನೆಯ ಚಮಚದಲ್ಲಿ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ? 5 ಇದ್ದರೆ ಅದು ಸರಿಯಾದ ಅಳತೆಯ ಚಮಚ.

3. ಬೂದಿಯಡಿಯಲ್ಲಿ ಕೆಂಡ ಎಷ್ಟು ಹೊತ್ತು ಇರುತ್ತದೆ ಎಂದು ಅಜ್ಜಿಯ ಹತ್ತಿರ ಕೇಳಿ. ಬೆಂಕಿಯ ಕೆಲಸ ಮಾತ್ರ ದೊಡ್ಡವರ ಜೊತೆಯಲ್ಲೇ.

ಮುಂದಿನ ಶಿಬಿರದ ಪಟ್ಟಿ ಬರೆಯುವಾಗ ಪ್ರತಿಯೊಂದು ಸಾಮಾನಿನ ಎದುರು "ಇದು ಯಾಕೆ ಕೆಲಸ ಮಾಡುತ್ತದೆ?" ಎಂದೂ ಬರೆಯಿರಿ. ನಾವು ಈಗ ಹಾಗೆಯೇ ಮಾಡುತ್ತೇವೆ. ಬೆಂಕಿಪೆಟ್ಟಿಗೆಯನ್ನಂತೂ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲೇ ಹಾಕುತ್ತೇವೆ!